ಸಿಲಿಕೋನ್ ಸ್ತನ ಇಂಪ್ಲಾಂಟ್ ಒಳಗೇ ಒಡೆದರೂ ವರ್ಷಗಟ್ಟಲೆ ಯಾಕೆ ಗೊತ್ತಾಗುವುದಿಲ್ಲ? ಮುಂದೆ ಏನು ತೊಂದರೆ?

ಇಂಪ್ಲಾಂಟ್ ಚೀಲದೊಳಗಿನ ಸಿಲಿಕೋನ್ ಜೆಲ್ ಅಲ್ಲೇ ಉಳಿಯುವುದರಿಂದ ಗೊತ್ತಾಗುವುದಿಲ್ಲ. ಇಂಪ್ಲಾಂಟ್ ಸುತ್ತ ದೇಹವೇ ಗಾಯದ ಕಲೆಯಂಥ ಪೊರೆ ಕಟ್ಟುತ್ತದೆ. ಚೀಲ ಹರಿದರೂ ಅಂಟಾದ ಜೆಲ್ ಹೆಚ್ಚಾಗಿ ಆ ಪೊರೆಯೊಳಗೇ ನಿಲ್ಲುತ್ತದೆ. ಉಪ್ಪುನೀರಿನ ಇಂಪ್ಲಾಂಟ್ ಆಗಿದ್ದರೆ ಬೇಗ ಚಪ್ಪಟೆಯಾಗಿ ಬಿಡುತ್ತಿತ್ತು.

ತೊಂದರೆ ನಿಧಾನಕ್ಕೆ ಬರುತ್ತದೆ. ಪೊರೆ ಬಿಗಿದು ಸ್ತನ ಗಟ್ಟಿಯಾಗಬಹುದು, ಆಕಾರ ಕೆಡಬಹುದು, ನೋಯಬಹುದು. ಜೆಲ್ ಪೊರೆ ದಾಟಿದರೆ ಗಂಟು ಕಟ್ಟಬಹುದು, ಕಂಕುಳಿನ ಲಿಂಫ್ ಗ್ರಂಥಿಗಳೂ ಊದಬಹುದು. ಗಂಟು ಅಂದ ಕೂಡಲೇ ಕ್ಯಾನ್ಸರ್ ಭಯ, ಅಲ್ವಾ? ಒಡೆದದ್ದರಿಂದ ಸ್ತನ ಕ್ಯಾನ್ಸರ್ ಬರುತ್ತದೆ ಎನ್ನಲು ಆಧಾರವಿಲ್ಲ. ಆದರೂ ಸುಮ್ನೆ ಬಿಡದೆ ತೋರಿಸಿ.

ಕೈಯಿಂದ ಮುಟ್ಟಿ ನೋಡಿದರೆ ಸಾಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಲಹೆಯಂತೆ ಆಪರೇಷನ್ ಆಗಿ 5–6 ವರ್ಷಕ್ಕೆ ಮೊದಲ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್, ಆಮೇಲೆ 2–3 ವರ್ಷಕ್ಕೊಮ್ಮೆ. ಮಂಡ್ಯದಿಂದ ಸ್ಕ್ಯಾನ್‌ಗೆಂದು ಮೈಸೂರಿಗೆ ಹೊರಟರೆ ಆಪರೇಷನ್ ಹೊತ್ತಲ್ಲಿ ಕೊಟ್ಟ ಇಂಪ್ಲಾಂಟ್ ಕಾರ್ಡ್ ಜೊತೆಗಿರಲಿ.