ಕೆಲಸ ಬಿಡಬೇಡಿ, ಮಹ್ಫೂಜ್ ದಿನಚರಿ ನೋಡಿ

ಬ್ಯಾಂಕ್ ಕೆಲಸ ಬಿಟ್ಟು ಒಂದು ವರ್ಷ ಮನೆಯಲ್ಲಿ ಕೂತು ಕಾದಂಬರಿ ಮುಗಿಸಲಾ ಅಂತ ಕೇಳಿದ್ದೀರಿ. ಮೇಲಿನ ಕಾಮೆಂಟುಗಳಲ್ಲಿ ಎಲ್ಲರೂ ಧೈರ್ಯ ಮಾಡಿ ಅಂದಿದ್ದಾರೆ. ನಾನು ಮಾತ್ರ ಬೇಡ ಅಂತೀನಿ, ಬೈಕೋಬೇಡಿ.

ಈಜಿಪ್ಟಿನ ನಗೀಬ್ ಮಹ್ಫೂಜ್ ಹೆಸರು ಕೇಳಿರ್ತೀರಿ. 1988ರಲ್ಲಿ ನೊಬೆಲ್ ಬಂತಲ್ಲ, ಅರಬ್ಬಿ ಸಾಹಿತ್ಯಕ್ಕೆ ಸಿಕ್ಕಿದ್ದು ಅದೇ ಮೊದಲು. 1911ರಲ್ಲಿ ಹಳೇ ಕೈರೋದ ಗಮಾಲಿಯಾ ಕೇರಿಯಲ್ಲಿ ಹುಟ್ಟಿದವರು. 1934ರಲ್ಲಿ ತತ್ವಶಾಸ್ತ್ರದ ಡಿಗ್ರಿ ಮುಗಿಸಿ ಸರ್ಕಾರಿ ನೌಕರಿಗೆ ಸೇರಿದರು, 1971ರಲ್ಲಿ ರಿಟೈರ್ ಆಗುವವರೆಗೂ ಬಿಡಲಿಲ್ಲ. ಮಧ್ಯಾಹ್ನ 2ರವರೆಗೆ ಆಫೀಸು, 4ರಿಂದ 7 ಬರವಣಿಗೆ, 7ರಿಂದ 10 ಓದು. ಶುಕ್ರವಾರ ಇದಾವುದೂ ಇಲ್ಲ. ನಮ್ಮ ಆಫೀಸು 2ಕ್ಕೆ ಮುಗಿಯಲ್ಲ, ಒಪ್ಪಿದೆ. ನಾನೂ ಬೆಳಗ್ಗೆ 4ಕ್ಕೆ ಎದ್ದು ಬರೀತೀನಿ ಅಂತ ಹೊರಟು ಹನ್ನೊಂದನೇ ದಿನ ಮೀಟಿಂಗಿನಲ್ಲೇ ತೂಕಡಿಸಿದವನು. ಈಗ ರಾತ್ರಿ ಊಟ ಆದ ಮೇಲೆ 45 ನಿಮಿಷ, ಫೋನ್ ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ. ಅಷ್ಟೇ, ಆದರೆ ತಪ್ಪಿಸಲ್ಲ.

ಇನ್ನೊಂದು, ಆಫೀಸು ಬರೀ ಸಮಯ ತಿನ್ನೋ ಜಾಗ ಅಲ್ಲ. ಮಹ್ಫೂಜ್ ವಕ್ಫ್ ಇಲಾಖೆಯಲ್ಲಿದ್ದಾಗ ಬಡವರಿಗೆ ಬಡ್ಡಿಯಿಲ್ಲದೆ ಸಾಲ ಕೊಡುವ ಯೋಜನೆ ನೋಡಿಕೊಂಡರು, ಹಳೇ ಕೈರೋದ ಜನ ಅವರ ಮುಂದೆ ಬಂದು ಕೂರುತ್ತಿದ್ದರು. ನೀವಿರೋದೂ ಸಾಲದ ವಿಭಾಗದಲ್ಲೇ ಅಲ್ವಾ? ದಿನಕ್ಕೆ ಎಷ್ಟು ಮುಖ ನೋಡ್ತೀರಿ, ಏನೇನು ಸುಳ್ಳು ಕೇಳ್ತೀರಿ. ಅದನ್ನು ಬಿಟ್ಟು ಮನೆಯ ಗೋಡೆ ನೋಡ್ತಾ ಕೂರ್ತೀರಾ?

ದುಡ್ಡಿನ ಮಾತೂ ಆಡಲೇಬೇಕು. ಕೈರೋದ ಒಂದು ಕುಟುಂಬದ ಮೂರು ತಲೆಮಾರಿನ ಕಥೆಯನ್ನು ಅವರು 1952ರಲ್ಲಿ ಬರೆದು ಮುಗಿಸಿದರು, ಸಾವಿರ ಪುಟಕ್ಕೂ ಜಾಸ್ತಿ. ಇಷ್ಟು ದಪ್ಪದ್ದು ಹಾಕೋಕಾಗಲ್ಲ ಅಂತ ಪ್ರಕಾಶಕರು ಕೈ ಚೆಲ್ಲಿದರು. ಕೊನೆಗೆ ಮೂರು ಭಾಗ ಮಾಡಿ 1956-57ರಲ್ಲಿ ಪುಸ್ತಕವಾಗಿ ಬಂತು. ಈಗ ಕೈರೋ ಟ್ರಿಲಜಿ ಅಂತ ಎಲ್ಲರೂ ಹೊಗಳೋದು ಅದನ್ನೇ. ಆ ನಾಲ್ಕು ವರ್ಷ ಕೈ ಹಿಡಿದದ್ದು ಸಂಬಳ, ಜೊತೆಗೆ ಸಿನಿಮಾಗೆ ಬರೆದ ಚಿತ್ರಕಥೆಗಳು. ನೀವು ಲೆಕ್ಕ ಹಾಕಿರೋದು ಬರೆಯೋ ಒಂದು ವರ್ಷಕ್ಕೆ ಮಾತ್ರ.

ಸಮಯವೇ ಇಲ್ಲ ಅನ್ನಿಸಿದಾಗ ನಾನು ನೆನೆಸಿಕೊಳ್ಳೋದು ಅವರ ಕೊನೆಯ ವರ್ಷಗಳನ್ನು. 1959ರಲ್ಲಿ ಪತ್ರಿಕೆಯಲ್ಲಿ ಬಂದಿದ್ದ ಒಂದು ಕಾದಂಬರಿಯ ಸಿಟ್ಟಿಗೆ 1994ರಲ್ಲಿ ಒಬ್ಬ ಅವರ ಕತ್ತಿಗೆ ಚಾಕು ಹಾಕಿದ. ಆಗ ಅವರಿಗೆ 82. ಉಳಿದುಕೊಂಡರು, ಆದರೆ ನರಕ್ಕೆ ಪೆಟ್ಟಾಗಿ ಬಲಗೈ ಸ್ವಾಧೀನ ತಪ್ಪಿತು. ನೋಟ್‌ಬುಕ್ಕಿನಲ್ಲಿ ತಮ್ಮದೇ ಹೆಸರು ಬರೆದು ಬರೆದು ಮಕ್ಕಳ ಹಾಗೆ ಅಕ್ಷರ ತಿದ್ದಿದರು. ಆಮೇಲೆ ಬರೆದದ್ದು ಕನಸುಗಳನ್ನು, ಒಂದೊಂದೂ ಕೆಲವೇ ಸಾಲು.

ಓದೋಕೆ ಟ್ರಿಲಜಿಯಿಂದ ಶುರು ಮಾಡಬೇಡಿ, ಸುಸ್ತಾಗ್ತೀರಿ. 1947ರ 'ಮಿಡಾಕ್ ಆಲಿ' ಇಂಗ್ಲಿಷಿನಲ್ಲಿ ಸಿಗುತ್ತೆ. ಭಿಕ್ಷೆ ಬೇಡೋರಿಗೆ ಕೈಕಾಲು ಊನ ಮಾಡಿಕೊಟ್ಟು ಅವರ ಗಳಿಕೆಯಲ್ಲಿ ಪಾಲು ತಗೊಳ್ಳೋ ಜೈತಾ ಅನ್ನೋನು ಬರ್ತಾನೆ, ಅವನನ್ನು ಗಮನಿಸಿ. ರಾಜೀನಾಮೆ ಪತ್ರ ಸದ್ಯಕ್ಕೆ ಡ್ರಾಯರಿನಲ್ಲೇ ಇರಲಿ. ಮೊದಲ ಅಧ್ಯಾಯ ಆದ ತಕ್ಷಣ ಇಲ್ಲಿ ಹಾಕಿ, ನಾನು ಓದ್ತೀನಿ.