ಭುಜದ ಎಂಆರ್‌ಐಯಲ್ಲಿ ‘ಪಾರ್ಷಿಯಲ್ ಟೇರ್’ ಅಂತ ಬಂದಿದೆ, 3 ಟೆಸ್ಲಾದಲ್ಲಿ ಮತ್ತೊಮ್ಮೆ ಮಾಡಿಸಲೇ?

ಬೇಡ. ದುಡ್ಡು ಜೇಬಿನಲ್ಲೇ ಇರಲಿ, ಮೊದಲು ಹಳೆಯ ಸ್ಕ್ಯಾನಿನ ಸಿಡಿ ಹುಡುಕಿ ತೆಗೆಯಿರಿ.

1.5 ಟೆಸ್ಲಾದಲ್ಲಿ (ಟೆಸ್ಲಾ ಎಂದರೆ ಮೆಷಿನ್ನಿನ ಕಾಂತಬಲದ ಅಳತೆ) ಬಲ ಭುಜದ ಸ್ಕ್ಯಾನು, ಕೈ ಎತ್ತಲು ನೆರವಾಗುವ ಸುಪ್ರಾಸ್ಪೈನೇಟಸ್ ಸ್ನಾಯುವಿನ ಟೆಂಡನ್ ಭಾಗಶಃ ಹರಿದಿದೆ ಎಂಬ ರಿಪೋರ್ಟು, ಆದರೂ ಕೈಯಲ್ಲಿ ಬಲ ಇದೆ, ಮೇಲೆತ್ತುವಾಗ ನೋವು ಮಾತ್ರ. ನೀವು ಬರೆದದ್ದನ್ನು ಓದುತ್ತಲೇ ನನಗೆ ಹಳೆಯ ಸ್ಕ್ಯಾನೊಂದು ಕಣ್ಣೆದುರು ಬಂತು. ಅದನ್ನು ಮಾಡಿದ ಎಂಆರ್‌ಐ ಟೆಕ್ನಾಲಜಿಸ್ಟ್ ನಾನೇ.

ಬಂದವರು ಅಡಿಕೆ ಕೊನೆಗಾರರು. ದಿನವಿಡೀ ದೋಟಿ ಹಿಡಿದು ತಲೆಯ ಮೇಲಕ್ಕೆ ಕೈ ಚಾಚುವ ಕೆಲಸ. ಮಲಗಿಸಿ ಭುಜಕ್ಕೆ ಸಿಗ್ನಲ್ ಹಿಡಿಯುವ ಕಾಯಿಲ್ ಕಟ್ಟಿದೆ. ಕೈ ಪಕ್ಕಕ್ಕಿಟ್ಟರೆ ನೋಯುತ್ತದೆ ಅಂದರು, ಅಂಗೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡರು. ನಾನು ಹಾಗೇ ಬಿಟ್ಟೆ. ಹೊಟ್ಟೆಯ ಮೇಲಿನ ಕೈ ಪ್ರತಿ ಉಸಿರಿಗೂ ಏರಿಳಿಯುತ್ತದೆ, ಅದರ ಜೊತೆಗೆ ಭುಜವೂ ಅಲುಗುತ್ತದೆ. ಕರೋನಲ್, ಅಂದರೆ ಎದುರಿನಿಂದ ನೋಡಿದಂತೆ ಪದರ ಪದರವಾಗಿ ತೆಗೆಯುವ, ಟಿ2 ಎಂಬ ಬಗೆಯ ಚಿತ್ರ ಪೂರ್ತಿ ಕಲಸಿಹೋಗಿತ್ತು. ಕೊಬ್ಬಿನ ಬಿಳುಪನ್ನು ಅಡಗಿಸಿ ತೆಗೆಯುವ ಪಿಡಿ ಫ್ಯಾಟ್ ಸ್ಯಾಟ್ ಎಂಬ ಇನ್ನೊಂದು ಬಗೆಯ ಚಿತ್ರ ಮಾತ್ರ ಓದುವಂತಿತ್ತು. ಹೊರಗೆ ಇನ್ನೂ ಮೂರು ಜನ ಕಾಯುತ್ತಿದ್ದರು. ಕೈ ಸರಿಪಡಿಸಿ ಮೂರೂವರೆ ನಿಮಿಷದ ಆ ಟಿ2 ಮತ್ತೆ ಓಡಿಸಬೇಕಿತ್ತು. ಓಡಿಸಲಿಲ್ಲ. ಕೆಟ್ಟದ್ದನ್ನು ಅಳಿಸಿ ಉಳಿದದ್ದನ್ನು ಕಳಿಸಿಬಿಟ್ಟೆ.

ಆ ಮೂರೂವರೆ ನಿಮಿಷದಲ್ಲಿ ಏನಿತ್ತು ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನಿಮ್ಮ ರಿಪೋರ್ಟಿನ ಹಣೆಬರಹವೂ ಅಲ್ಲೇ ಇರಬಹುದು.

ಆರೋಗ್ಯವಾಗಿರುವ ಟೆಂಡನ್, ಅಂದರೆ ಸ್ನಾಯುರಜ್ಜು, ಎಂಆರ್‌ಐಯಲ್ಲಿ ಕಪ್ಪಗೆ ಕಾಣುತ್ತದೆ. ಅದರಲ್ಲಿ ನೀರಿಲ್ಲ ಅಂತಲ್ಲ, ತೂಕದ ಅರ್ಧಕ್ಕೂ ಹೆಚ್ಚು ನೀರೇ. ಆದರೆ ಒಂದೇ ದಿಕ್ಕಿಗೆ ಒತ್ತೊತ್ತಾಗಿ ಜೋಡಿಸಿದ ಕೊಲಾಜನ್ ಎಳೆಗಳಿಗೆ ಆ ನೀರು ಅಂಟಿಕೊಂಡಿರುತ್ತದೆ, ಹಾಗಾಗಿ ಅದರ ಸಿಗ್ನಲ್ ಕೆಲವೇ ಮಿಲಿಸೆಕೆಂಡುಗಳಲ್ಲಿ ಆರಿಹೋಗುತ್ತದೆ. ಮೆಷಿನ್ನು ಸಿಗ್ನಲ್ ಹಿಡಿಯುವ ಹೊತ್ತಿಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಆ ಹೊತ್ತಿಗೆ ಎಕೋ ಟೈಮ್ ಎಂದು ಹೆಸರು, ನಾವು ಟಿಇ ಅನ್ನುತ್ತೇವೆ. ಟೆಂಡನ್ ಹರಿದರೆ ಸೀಳಿನೊಳಗೆ ದ್ರವ ತುಂಬುತ್ತದೆ. ಅದು ಯಾವುದಕ್ಕೂ ಅಂಟಿಕೊಂಡಿರದ ನೀರು, ಸಿಗ್ನಲ್ ಬಹಳ ಹೊತ್ತು ಉಳಿಯುತ್ತದೆ. ಕಪ್ಪಿನ ನಡುವೆ ಬಿಳಿ ಕಾಣುವುದು ಹೀಗೆ.

ಆದರೆ ಏನೂ ಹರಿಯದೆಯೂ ಬಿಳಿ ಕಾಣಬಹುದು. ಕೊಲಾಜನ್ ಎಳೆಗಳು ಮೆಷಿನ್ನಿನ ಮುಖ್ಯ ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾಗಿ ಬಿದ್ದಾಗ, ಸಿಗ್ನಲನ್ನು ಬೇಗ ಆರಿಸುತ್ತಿದ್ದ ಪ್ರೋಟಾನುಗಳ ನಡುವಿನ ಎಳೆದಾಟ ಸೊನ್ನೆಗಿಳಿಯುತ್ತದೆ. ಇದಕ್ಕೆ ಮ್ಯಾಜಿಕ್ ಆಂಗಲ್ ಎಂದೇ ಹೆಸರು. ಸಂಶೋಧಕ ಫುಲ್ಲರ್ಟನ್ ಮತ್ತು ಸಂಗಡಿಗರು 1985ರಲ್ಲಿ ಅಳೆದಾಗ, ಆ ಕೋನದಲ್ಲಿ ಟೆಂಡನ್ನಿನ ಟಿ2, ಅಂದರೆ ಸಿಗ್ನಲ್ ಎಷ್ಟು ಬೇಗ ಆರುತ್ತದೆ ಎಂಬುದರ ಅಳತೆ, ಸುಮಾರು 22 ಮಿಲಿಸೆಕೆಂಡಿಗೆ ಏರಿತ್ತು. ಈಗ ಲೆಕ್ಕ ಹಾಕಿ. ಟಿಇ 30 ಇದ್ದರೆ ಸಿಗ್ನಲಿನ ಕಾಲು ಭಾಗ ಇನ್ನೂ ಉಳಿದಿರುತ್ತದೆ, ಚಿತ್ರದಲ್ಲಿ ಬೂದು-ಬಿಳಿ ಕಲೆಯಾಗಿ ಕಾಣುತ್ತದೆ. ಟಿಇ 70ಕ್ಕೆ ಹೋದರೆ ಉಳಿಯುವುದು ಶೇ 4, ಅಂದರೆ ಮತ್ತೆ ಕಪ್ಪು. ಸೀಳಿನೊಳಗಿನ ದ್ರವವಾದರೆ 70ರಲ್ಲೂ ಬೆಳ್ಳಗೇ ಉಳಿಯುತ್ತದೆ. ಎರಡನ್ನೂ ಬೇರ್ಪಡಿಸಿ ತೋರಿಸುವುದು ಆ ಉದ್ದ ಟಿಇಯ ಚಿತ್ರ. ನಾನು ಬಿಟ್ಟದ್ದು ಅದನ್ನೇ.

ಸುಪ್ರಾಸ್ಪೈನೇಟಸ್ ಟೆಂಡನ್ ತೋಳಿನ ಮೂಳೆಯ ದುಂಡು ತಲೆಯ ಮೇಲೆ ಬಾಗಿಕೊಂಡು ಹೋಗಿ ಅಂಟುತ್ತದೆ. ಬಾಗುವ ದಾರಿಯಲ್ಲಿ, ಅಂಟುವ ಜಾಗಕ್ಕೆ ಸುಮಾರು ಒಂದು ಸೆಂಟಿಮೀಟರ್ ಮುಂಚೆ, ಅದು 55 ಡಿಗ್ರಿಯನ್ನು ದಾಟಲೇಬೇಕು. ಟೆಂಡನ್ ಸವೆಯುವುದೂ ಹೆಚ್ಚಾಗಿ ಅದೇ ಆಸುಪಾಸಿನಲ್ಲಿ, ಆದ್ದರಿಂದ ಓದುವವರ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ಇದರ ಮೇಲೆ ಅಂಗೈ ಹೊಟ್ಟೆಯ ಮೇಲಿದ್ದರೆ ತೋಳು ಒಳಕ್ಕೆ ತಿರುಗುತ್ತದೆ, ಅದರ ಹಿಂದಿರುವ ಇನ್ಫ್ರಾಸ್ಪೈನೇಟಸ್ ಎಂಬ ಟೆಂಡನ್ನಿನ ಎಳೆಗಳು ಅದೇ ಸ್ಲೈಸಿನೊಳಗೆ ಬಂದು ಸುಪ್ರಾಸ್ಪೈನೇಟಸ್ ಮೇಲೆ ಸೇರಿಕೊಳ್ಳುತ್ತವೆ, ಬಿಳಿ ಕಲೆ ಇನ್ನಷ್ಟು ಎದ್ದು ಕಾಣುತ್ತದೆ.

ನನ್ನ ಕರೋನಲ್ ಪಿಡಿಯ ಟಿಇ 32. ರೇಡಿಯಾಲಜಿಸ್ಟ್ ಮುಂದೆ ಇದ್ದದ್ದು ಅದೊಂದೇ. ಬಿಳಿ ಕಂಡಿತು, ಪಾರ್ಷಿಯಲ್ ಟೇರ್ ಎಂದು ಬರೆದರು. ಅವರನ್ನು ದೂರುವಂತಿಲ್ಲ. ಕೈಗೆ ಆರು ವಾರ ಜೋಲಿ ಕಟ್ಟಿದರು, ಭುಜ ಬಿಗಿದುಕೊಂಡಿತು. ಮತ್ತೆ ಬಂದಾಗ ಕೈ ಹೆಗಲಿನ ಮಟ್ಟಕ್ಕೂ ಏಳುತ್ತಿರಲಿಲ್ಲ. ಈ ಸಲ ಅಂಗೈ ಮೇಲ್ಮುಖ ಮಾಡಿ, ಕೈಯನ್ನು ತೊಡೆಯ ಪಕ್ಕದಲ್ಲಿಟ್ಟು, ಮೇಲೊಂದು ಮರಳಿನ ಚೀಲ ಹೇರಿ, ಟಿಇ 70ರಲ್ಲಿ ಟಿ2 ತೆಗೆದೆ. ಟೆಂಡನ್ ಈ ತುದಿಯಿಂದ ಆ ತುದಿಯವರೆಗೆ ಕಪ್ಪು. ಹರಿದದ್ದೇ ಇರಲಿಲ್ಲ. ಆ ವರ್ಷದ ಕೊಯ್ಲು ಅವರ ಕೈತಪ್ಪಿ ಹೋಯಿತು.

ಈಗ ನಿಮ್ಮ ಸಿಡಿ. ಅದರೊಳಗೇ ಸಾಮಾನ್ಯವಾಗಿ ಚಿತ್ರ ನೋಡುವ ಸಾಫ್ಟ್‌ವೇರ್ ಇರುತ್ತದೆ. ಕರೋನಲ್ ಸರಣಿಗಳನ್ನು ತೆರೆದು ಚಿತ್ರದ ಮೂಲೆಯಲ್ಲಿ ಟಿಇ ಎಷ್ಟಿದೆ ನೋಡಿ. ಒಂದು 25ರಿಂದ 40ರೊಳಗೆ, ಇನ್ನೊಂದು 60ರಿಂದ 80ರೊಳಗೆ ಇದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಅದೇ ಸ್ಲೈಸಿಗೆ ಹೋಗಿ. ಮೊದಲನೆಯದರಲ್ಲಿ ಬಿಳಿ, ಎರಡನೆಯದರಲ್ಲಿ ಕಪ್ಪು, ಟೆಂಡನ್ ದಪ್ಪ ಮಾಮೂಲು, ಅಂಚು ನುಣುಪು, ಟೆಂಡನ್ ಮೇಲಿನ ತೆಳು ಚೀಲವಾದ ಬರ್ಸಾದಲ್ಲಿ ದ್ರವ ಇಲ್ಲ ಎಂದಾದರೆ ಆ ಟೇರ್ ಬಗ್ಗೆ ಅನುಮಾನ ಪಡಲು ನಿಮಗೆ ಗಟ್ಟಿ ಕಾರಣ ಇದೆ. ಎರಡರಲ್ಲೂ ನೀರಿನಷ್ಟೇ ಬೆಳ್ಳಗಿದ್ದರೆ ಸೀಳು ನಿಜ. ಎರಡರಲ್ಲೂ ಮಂಕು ಬೂದು, ಜೊತೆಗೆ ಟೆಂಡನ್ ಊದಿದ್ದರೆ ಅದು ಟೆಂಡಿನೋಸಿಸ್, ಸವೆತ. ಮ್ಯಾಜಿಕ್ ಆಂಗಲ್ ಮತ್ತು ಸಣ್ಣ ಸವೆತ ಒಂದೇ ಜಾಗದಲ್ಲಿ ಇರುವುದೂ ಉಂಟು, ಆದ್ದರಿಂದ ಕೊನೆಯ ಮಾತು ಮೂಳೆ-ಕೀಲುಗಳ ಚಿತ್ರವನ್ನೇ ದಿನವೂ ಓದುವ ರೇಡಿಯಾಲಜಿಸ್ಟ್‌ದಾಗಿರಲಿ. ಅದೇ ಸಿಡಿಯನ್ನು ಅವರಿಗೆ ಕೊಟ್ಟು ಎರಡನೇ ಅಭಿಪ್ರಾಯ ಕೇಳಿ.

3 ಟೆಸ್ಲಾ ಬಗ್ಗೆ ಜನರಲ್ಲಿರುವ ನಂಬಿಕೆ ನನಗೆ ಒಪ್ಪಿಗೆಯಿಲ್ಲ. ಸಿಗ್ನಲ್ ಹೆಚ್ಚು ಸಿಗುತ್ತದೆ, ಸ್ಲೈಸು ತೆಳುವಾಗಿ ತೆಗೆಯಬಹುದು, ಅದು ಸರಿ. ಆದರೆ 55 ಡಿಗ್ರಿ ಅಲ್ಲೂ 55 ಡಿಗ್ರಿಯೇ. ಕೈ ಹೊಟ್ಟೆಯ ಮೇಲಿದ್ದರೆ, ಉದ್ದ ಟಿಇ ಇಲ್ಲದಿದ್ದರೆ, ಅದೇ ಸುಳ್ಳು ಇನ್ನೂ ಸ್ಪಷ್ಟವಾಗಿ ಮೂಡುತ್ತದೆ. ಮೇಲಾಗಿ ಭುಜ ಮೆಷಿನ್ನಿನ ನಟ್ಟನಡುವೆ ಬರುವುದಿಲ್ಲ, ಒಂದು ಬದಿಗೆ ಸರಿದಿರುತ್ತದೆ. ಅಂಚಿನಲ್ಲಿ ಕಾಂತಕ್ಷೇತ್ರ ಏರುಪೇರಾಗಿ ಫ್ಯಾಟ್ ಸ್ಯಾಟ್ ಕೈಕೊಟ್ಟರೆ ಕೊಬ್ಬೇ ಬೆಳ್ಳಗೆ ಕಂಡು ದ್ರವದಂತೆ ತೋರುತ್ತದೆ, ಈ ತೊಂದರೆ 3 ಟೆಸ್ಲಾದಲ್ಲಿ ಹೆಚ್ಚು. ಒಳ್ಳೆಯ ಕಾಯಿಲ್, ಸರಿಯಾದ ಪೊಸಿಷನ್ ಇದ್ದರೆ ನಿಮ್ಮ ಪ್ರಶ್ನೆಗೆ 1.5 ಸಾಕು.

ಎಂಆರ್‌ಐ ತಪ್ಪಿಸಿಬಿಡುವ ಇನ್ನೊಂದು ಸಂಗತಿ ಕ್ಯಾಲ್ಸಿಯಂ. ಟೆಂಡನ್ನಿನಲ್ಲಿ ಸುಣ್ಣ ಕಟ್ಟಿಕೊಂಡಿದ್ದರೆ ಅದೂ ಕಪ್ಪು, ಟೆಂಡನ್ನೂ ಕಪ್ಪು, ಕಪ್ಪಿನಲ್ಲಿ ಕಪ್ಪು ಅಡಗಿಬಿಡುತ್ತದೆ. ಅಗ್ಗದ ಎಕ್ಸ್‌-ರೇಯಲ್ಲಿ ಥಟ್ಟನೆ ಕಾಣುತ್ತದೆ. ತೆಗೆಸಿಲ್ಲವಾದರೆ ಮೊದಲು ಅದನ್ನು ತೆಗೆಸಿ. ಅಲ್ಟ್ರಾಸೌಂಡೂ ಒಳ್ಳೆಯ ದಾರಿ, ಕೈ ಎತ್ತಿಸಿ ಇಳಿಸಿ ನೋಡಬಹುದು. ಅಲ್ಲಿಯೂ ಕೋನದ ಕಾಟ ಇದೆ: ಪ್ರೋಬಿನ ಅಲೆ ಎಳೆಗಳಿಗೆ ಲಂಬವಾಗಿ ಬೀಳದಿದ್ದರೆ ಗಟ್ಟಿಮುಟ್ಟಾದ ಟೆಂಡನ್ನೇ ಕಪ್ಪು ತೂತಿನಂತೆ ಕಾಣುತ್ತದೆ. ಪ್ರೋಬನ್ನು ಸ್ವಲ್ಪ ವಾಲಿಸಿದಾಗ ತೂತು ತುಂಬಿಕೊಂಡರೆ ಅದು ಸೀಳಲ್ಲ.

ಇನ್ನು, ಸೀಳು ನಿಜವೇ ಆಗಿದ್ದರೂ ನೋವಿಗೆ ಅದೇ ಕಾರಣ ಎಂದು ತಿಳಿಯಬೇಡಿ. 1995ರಲ್ಲಿ ಭುಜದ ನೋವೇ ಇಲ್ಲದ 96 ಜನರಿಗೆ ಎಂಆರ್‌ಐ ಮಾಡಿದಾಗ ಸುಮಾರು ಮೂರರಲ್ಲೊಬ್ಬರಿಗೆ ರೊಟೇಟರ್ ಕಫ್ (ಸುಪ್ರಾಸ್ಪೈನೇಟಸ್ ಸೇರಿದಂತೆ ಭುಜದ ಕೀಲನ್ನು ಸುತ್ತುವರಿದ ಟೆಂಡನ್ನುಗಳ ಗುಂಪು) ಸೀಳು ಸಿಕ್ಕಿತು, 60 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ. ಬಲ ಉಳಿದಿರುವ ಭುಜಕ್ಕೆ ಮೊದಲು ಸಲ್ಲಬೇಕಾದದ್ದು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಮೆಲ್ಲಮೆಲ್ಲನೆ ಭಾರ ಏರಿಸುವ ವ್ಯಾಯಾಮ. ವಾರಗಟ್ಟಲೆ ಜೋಲಿ ಕಟ್ಟುವಂತೆ ಯಾರಾದರೂ ಹೇಳಿದರೆ ಏಕೆ ಎಂದು ಕೇಳಿ. ಬಿದ್ದು ಪೆಟ್ಟಾಗಿ ಅಂದಿನಿಂದಲೇ ಕೈ ಎತ್ತಲು ಆಗದವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರು ತಡಮಾಡದೆ ಆರ್ಥೋಪೆಡಿಕ್ ಸರ್ಜನ್ ಬಳಿ ಹೋಗಬೇಕು.

ಸಿಡಿಯಲ್ಲಿ ಉದ್ದ ಟಿಇಯ ಕರೋನಲ್ ಸಿಗದಿದ್ದರೆ, ಅಥವಾ ಅಲುಗಿ ಕೆಟ್ಟಿದ್ದರೆ, ಆಗ ಮಾತ್ರ ಅದೇ ಸೆಂಟರಿಗೆ ಹೋಗಿ. ಪೂರ್ತಿ ಸ್ಕ್ಯಾನು ಬೇಡ, ಟಿಇ 60–70ರ ಕರೋನಲ್ ಆಬ್ಲಿಕ್ ಟಿ2 ಫ್ಯಾಟ್ ಸ್ಯಾಟ್ ಒಂದನ್ನು, ಸುಪ್ರಾಸ್ಪೈನೇಟಸ್‌ಗೆ ಸಮಾನಾಂತರವಾಗಿ, 3 ಮಿಲಿಮೀಟರ್ ಸ್ಲೈಸಿನಲ್ಲಿ ತೆಗೆಯುತ್ತೀರಾ ಎಂದು ಕೇಳಿ. ಮಲಗಿದಾಗ ಅಂಗೈ ಮೇಲ್ಮುಖವಾಗಿರಲಿ, ಅದಾಗದಿದ್ದರೆ ಹೆಬ್ಬೆರಳಾದರೂ ಮೇಲಿರಲಿ. ನೋವಿದ್ದರೆ ಮೊಣಕೈ ಕೆಳಗೆ ಮಡಚಿದ ಟವೆಲ್ ಇಡಲು ಹೇಳಿ. ಸ್ಕ್ಯಾನ್ ಶುರುವಾಗುವ ಮೊದಲೇ ಹೇಳಿ, ನಡುವೆ ಕೈ ಸರಿಸಿದರೆ ಅಷ್ಟೂ ಹಾಳು.

ಸಿಡಿಯಲ್ಲಿ ಸಿಕ್ಕ ಟಿಇ ಅಂಕಿಗಳನ್ನು ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.