ಪೈಪೋಟಿ ಜಾಸ್ತಿ ಇರುವ ಕಾಲೇಜಿಗೆ ಅರ್ಜಿ ಹಾಕುವಾಗ ‘ನಾನು ತೀರಾ ಸಾಧಾರಣ’ ಅನಿಸುತ್ತದೆ. ಅರ್ಜಿ ಹಾಕಲೇ, ಬೇಡವೇ?

ಹಾಕಿ. ಹಾಗೆ ಅನಿಸುವುದಕ್ಕೆ ಕಾರಣವಿದೆ. ನೀವು ಹೋಲಿಸಿಕೊಳ್ಳುತ್ತಿರುವುದು ಎಲ್ಲರ ಜೊತೆ ಅಲ್ಲ, ಆಯ್ಕೆಯಾದವರ ಜೊತೆ ಮಾತ್ರ. ಅವರು ಸೋತ ದಿನಗಳು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ಅಲ್ವಾ?

ಅಮೆರಿಕದ ಹಾರ್ವರ್ಡ್ ಕಾಲೇಜನ್ನೇ ನೋಡಿ. 2023ರ ಪ್ರವೇಶಕ್ಕೆ 56,937 ಜನ ಅರ್ಜಿ ಹಾಕಿದ್ದರು. ಸೀಟು ಕೊಟ್ಟಿದ್ದು 1,942 ಮಂದಿಗೆ. ನೂರಕ್ಕೆ ನಾಲ್ವರಿಗೂ ಇಲ್ಲ. ಉಳಿದ ಸುಮಾರು 55 ಸಾವಿರ ಜನ ದಡ್ಡರಾ? ಖಂಡಿತ ಅಲ್ಲ. ಸೀಟು ಕಡಿಮೆ, ಅಷ್ಟೇ.

ಅಲ್ಲಿನ ಇಂಥ ಕಾಲೇಜುಗಳು ಅಂಕದ ಜೊತೆ ಪ್ರಬಂಧವನ್ನೂ ಓದುತ್ತವೆ. ಒಂದೇ ಆನ್‌ಲೈನ್ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಕಳಿಸಲು ಬಳಸುವ ಕಾಮನ್ ಆ್ಯಪ್‌ನ ಪ್ರಬಂಧಕ್ಕೆ 650 ಪದಗಳ ಮಿತಿ. ಅದರಲ್ಲಿ ಸಾಧನೆಗಳ ಪಟ್ಟಿ ತುಂಬಬೇಡಿ, ಅದಕ್ಕೆ ಅರ್ಜಿಯಲ್ಲಿ ಬೇರೆ ಜಾಗವಿದೆ. ಒಂದೇ ಸಣ್ಣ ವಿಷಯ ಹಿಡಿಯಿರಿ. ತಮ್ಮನಿಗೆ ದಿನಾ ಲೆಕ್ಕ ಹೇಳಿಕೊಡುತ್ತೀರಾ? ಭಿನ್ನರಾಶಿ ಅವನಿಗೆ ಎಲ್ಲಿ ತೊಡಕಾಯಿತು, ಆಗ ನೀವು ಹೇಳುವ ರೀತಿಯನ್ನು ಹೇಗೆ ಬದಲಾಯಿಸಿದಿರಿ ಅಂತ ಬರೆಯಿರಿ. ನಿಮಗೆ ರೂಢಿಯಾಗಿರುವುದರಿಂದ ಅದು ದೊಡ್ಡದು ಅನಿಸುವುದಿಲ್ಲ. ಓದುವವರಿಗೆ ಮಾತ್ರ ನಿಮ್ಮ ತಾಳ್ಮೆ, ಯೋಚನೆ ಎರಡೂ ಕಾಣುತ್ತವೆ. ಏನೂ ಹೊಳೆಯದಿದ್ದರೆ ನಿಮ್ಮನ್ನು ಚೆನ್ನಾಗಿ ಬಲ್ಲ ಟೀಚರ್ ಒಬ್ಬರನ್ನು ಕೇಳಿ. ಅವರು ಹೇಳುವುದು ಕೇಳಿ ನಿಮಗೇ ಆಶ್ಚರ್ಯವಾಗಬಹುದು.

ಒಂದೇ ಕಡೆ ಅರ್ಜಿ ಹಾಕಬೇಡಿ. ಸಿಗುವುದು ಕಷ್ಟ ಅನಿಸುವವು ಕೆಲವು, ಸಿಗಬಹುದಾದವು ಕೆಲವು, ಬಹುತೇಕ ಸಿಕ್ಕೇ ಸಿಗುವಂಥವು ಎರಡು ಇರಲಿ. ಆ ಕೊನೆಯ ಎರಡನ್ನು ಸುಮ್ನೆ ಕಾಟಾಚಾರಕ್ಕೆ ಸೇರಿಸಬೇಡಿ. ಅಲ್ಲಿಗೇ ಹೋಗಬೇಕಾಗಿ ಬಂದರೂ ಖುಷಿಯಾಗಿ ಓದುವಂಥ ಕಾಲೇಜುಗಳನ್ನೇ ಹುಡುಕಿ.